ಕೆಡದಂತೆ ಔಷಧ ಹಾಕಿದ ಒಣಹುಲ್ಲನ್ನು ಕುದುರೆಗೆ ತಿನ್ನಿಸುವ ವಿಚಾರ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ತಾಲೂಕುಗಳಲ್ಲಿ ಕುದುರೆ ಸಾಕುವವರು ಬಹಳ ಮಂದಿಯಿಲ್ಲ. ಕುದುರೆಮುಖದ ಬುಡದಲ್ಲಿಯೇ ಇರುವ ಬೆಳ್ತಂಗಡಿಯ ಗ್ರಾಮಗಳಲ್ಲಿಯೂ ನಿಜವಾದ ಕುದುರೆಯು ಅಪೂರ್ವವೇ ಸರಿ. ಆದಾಗ್ಯೂ ಮದುವೆಯ ದಿಬ್ಬಣಕ್ಕೋ, ಮಕ್ಕಳ ಸವಾರಿಗೋ, ಕೇವಲ ಹವ್ಯಾಸಕ್ಕೋ ಒಂದೆರಡು ತಟ್ಟುಗಳನ್ನು ಕಟ್ಟಿಕೊಂಡವರು ಅಲ್ಲಲ್ಲಿ ಇದ್ದಾರೆ. ಇವರಿಗೆ ಕುದುರೆಗಾಗಿ ಬೇರೆ ಹುಲ್ಲಿನ ವ್ಯವಸ್ಥೆಯಿಲ್ಲ. ಮನೆಯ ದನಗಳಿಗೂ ಕೋಣಗಳಿಗೂ ಘಟ್ಟದ ಮೇಲಿಂದ ಲಾರಿಯಲ್ಲಿ ಬಂದು ಬಿ.ಸಿ.ರೋಡಿನ ಆಸುಪಾಸಿನಲ್ಲಿ ಇಳಿಯುವ ಹುಲ್ಲೇ ಕುದುರೆಗೂ ಮೇವು. ಅದು ಮಳೆಗೆ ಕೆಡದಂತೆ ಯಾವುದಾದರೊಂದು ಔಷಧ ಹಾಕಿಡಬಹುದೇ, ಹಾಕಿದ್ದನ್ನು ಕುದುರೆಗೆ ತಿನ್ನಿಸಿದರೆ ಅಪಾಯವುಂಟೇ ಎಂಬುದು ಅವರು ಕೇಳುವ ಪ್ರಶ್ನೆ. ಪ್ರಶ್ನೆಯು ಕುದುರೆಯದಾದರೂ ಉತ್ತರದಲ್ಲಿ ಹಟ್ಟಿಯಲ್ಲಿ ದನ ಕೋಣ ಕಟ್ಟಿರುವ ಪ್ರತಿಯೊಬ್ಬ ಭೂಮಾಲಿಕನಿಗೂ ಬೇಕಾದ ವಿಷಯವಿರುವುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಲಾಗಿದೆ.

ಮೊದಲು ಈ ಲೇಖಕನು ಕಂಡ ಒಂದು ಪ್ರಸಂಗ. ಬಂಟ್ವಾಳದ ಕಡೆಯ ಒಬ್ಬ ಅಡಿಕೆ ತೋಟದ ಯಜಮಾನರು ಮೊಮ್ಮಕ್ಕಳಿಗೆಂದು ಒಂದು ತಟ್ಟನ್ನು ತಂದಿದ್ದರು. ಆ ವರ್ಷ ಏಣೆಲು ಕೊಯ್ಲಿನ ಹೊತ್ತಿಗೆ ಮಳೆ ಬಿಡದೆ ಸುರಿದು, ಗದ್ದೆಯಲ್ಲಿ ಬಿದ್ದ ಬೈಹುಲ್ಲು ಎರಡು ಸಲ ನೆನೆಯಿತು. ಅರೆ ಒಣಗಿದ ಆ ಹುಲ್ಲನ್ನು ಕುತ್ತರಿ ಹಾಕುವಾಗ ಯಾರೋ ಹೇಳಿದರೆಂದು ಯೂರಿಯಾವನ್ನೂ ಉಪ್ಪನ್ನೂ ಮೇಲಿಂದ ಮೇಲೆ ಎರಚಿದರು. ಒಂದು ತಿಂಗಳಾದ ಮೇಲೆ ಕುತ್ತರಿಯನ್ನು ತೆಗೆದಾಗ ಅಮೋನಿಯದ ಘಾಟು ಎಷ್ಟಿತ್ತೆಂದರೆ ಬೂಷ್ಟಿನ ವಾಸನೆಯೇ ಮೂಗಿಗೆ ತಿಳಿಯಲಿಲ್ಲ. ದನಗಳು ಅದನ್ನು ಹೇಗೋ ತಿಂದವು. ತಟ್ಟು ಮಾತ್ರ ಮೊದಲು ಮೂತಿ ತಿರುವಿ, ಅನಂತರ ಹಸಿವಿಗೆ ತಿಂದು, ಹದಿನೈದು ದಿನಗಳೊಳಗೆ ಕೆಮ್ಮಲಾರಂಭಿಸಿತು. ಮನೆಯವರು ಶೀತವೆಂದು ಭಾವಿಸಿ ಕಷಾಯ ಕುಡಿಸಿದರು. ಶ್ವಾಸ ಬಿಡುವಾಗ ಪಕ್ಕೆ ಎರಡು ಬಾರಿ ಎಳೆದುಕೊಳ್ಳುತ್ತಿದ್ದುದನ್ನು ಕಂಡ ಪಶುವೈದ್ಯರು ಇದು ಹುಲ್ಲಿನ ಧೂಳಿನಿಂದ ಬಂದ ಉಬ್ಬಸವೆಂದು ಹೇಳಿದರು. ಹುಲ್ಲು ಬದಲಿಸಿದ ಮೇಲೆ ಕೆಮ್ಮು ತಗ್ಗಿತಾದರೂ ಪ್ರತಿ ಮಳೆಗಾಲದಲ್ಲಿಯೂ ಅದು ಮರಳಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ತಪ್ಪಾದುದು ಔಷಧದ್ದಲ್ಲ. ಯಾವ ಔಷಧವನ್ನು, ಯಾವ ಹುಲ್ಲಿಗೆ, ಯಾವ ಪ್ರಾಣಿಗಾಗಿ ಎಂಬ ಮೂರು ವಿಚಾರಗಳಲ್ಲಿಯೂ ತಪ್ಪಾಗಿತ್ತು.

ಹುಲ್ಲು ಕೆಡುವುದೇಕೆ ಎಂಬುದನ್ನು ತಿಳಿಯದೆ ಔಷಧದ ಮಾತನ್ನಾಡಿ ಪ್ರಯೋಜನವಿಲ್ಲ. ಕೊಯ್ದ ಹುಲ್ಲು ಕೂಡಲೇ ಸಾಯುವುದಿಲ್ಲ. ಒಣಗುವವರೆಗೂ ಅದು ಉಸಿರಾಡುತ್ತ ತನ್ನ ಸಕ್ಕರೆಯನ್ನು ತಾನೇ ಸುಟ್ಟು ಶಾಖವನ್ನು ಹೊರಹಾಕುತ್ತದೆ. ನೂರು ಪಾಲು ಹುಲ್ಲಿನಲ್ಲಿ ನೀರು 15 ಪಾಲಿಗೆ ಇಳಿಯುವ ತನಕ ಬೂಷ್ಟಿನ ಬೀಜಗಳಿಗೆ ಅದರಲ್ಲಿ ಬೆಳೆಯಲು ಅವಕಾಶವುಂಟು. ನೀರು 20 ಪಾಲನ್ನು ಮೀರಿದ್ದಾಗ ಬಿಗಿಯಾಗಿ ಕಟ್ಟಿದರೆ ಬೂಷ್ಟು ಹಿಡಿಯುವುದು ಬಹುಮಟ್ಟಿಗೆ ನಿಶ್ಚಯ. ಬೂಷ್ಟೂ ಶಾಖವನ್ನುಂಟುಮಾಡುತ್ತದೆ. ಕುತ್ತರಿಯ ಹೊಟ್ಟೆಯಲ್ಲಿ ಶಾಖವು 55 ಡಿಗ್ರಿ ಸೆಂಟಿಗ್ರೇಡಿಗೆ ಏರಿದರೆ ಪ್ರತಿದಿನವೂ ನೋಡುತ್ತಿರತಕ್ಕದ್ದು. 65ನ್ನು ದಾಟಿದರೆ ನೀರನ್ನು ಹತ್ತಿರ ಇಟ್ಟುಕೊಂಡು ಬಿಚ್ಚಿ ಹರಡತಕ್ಕದ್ದು. 80ರ ಸುಮಾರಿಗೆ ಬಂದರೆ ತಾನಾಗಿಯೇ ಬೆಂಕಿ ಹತ್ತುವ ಸಂಭವವುಂಟು. ಉಷ್ಣಮಾಪಕವಿಲ್ಲದವರು ಒಂದು ಉದ್ದನೆಯ ಕಬ್ಬಿಣದ ಸಲಾಕೆಯನ್ನು ಕುತ್ತರಿಯ ನಡುವಿಗೆ ಚುಚ್ಚಿ, ಅರ್ಧ ಗಂಟೆಯ ಬಳಿಕ ಎಳೆದು ಮುಟ್ಟಿ ನೋಡಬಹುದು. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ತಡಮಾಡಕೂಡದು.

ನೀರಿನಂಶವನ್ನು ಅಳೆಯುವ ಸಣ್ಣ ಯಂತ್ರಗಳು ಈಗ ದೊರೆಯುತ್ತವೆ. ಅದಿಲ್ಲದವರಿಗೆ ಉಪ್ಪಿನ ಪರೀಕ್ಷೆಯಿದೆ. ಒಂದು ಗಾಜಿನ ಭರಣಿಯಲ್ಲಿ ಸಣ್ಣಗೆ ಕತ್ತರಿಸಿದ ಹುಲ್ಲನ್ನೂ ಒಂದು ಚಮಚ ಪುಡಿ ಉಪ್ಪನ್ನೂ ಹಾಕಿ, ಮುಚ್ಚಿ ಎರಡು ಮೂರು ನಿಮಿಷ ಕುಲುಕಿದಾಗ ಉಪ್ಪು ಗಾಜಿಗೆ ಅಂಟಿದರೆ ಹುಲ್ಲು ಇನ್ನೂ ಒಣಗಿಲ್ಲವೆಂದು ತಿಳಿಯಬೇಕು. ನಮ್ಮ ಕರಾವಳಿಯಲ್ಲಿ ಉಪ್ಪೇ ಒದ್ದೆಯಾಗಿರುವುದರಿಂದ ಅದನ್ನು ಮೊದಲು ಬಾಣಲೆಯಲ್ಲಿ ಹುರಿದು ಆರಿಸಿಕೊಳ್ಳದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ.

ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಈ ಜಿಲ್ಲೆಯಲ್ಲಿ ಏಣೆಲಿನ ಹುಲ್ಲು ನೆನೆಯುವುದೂ ಸುಗ್ಗಿಯ ಹುಲ್ಲು ಚೆನ್ನಾಗಿ ಒಣಗುವುದೂ ಎಲ್ಲರಿಗೂ ತಿಳಿದದ್ದೇ. ಆದರೆ ಹೊರದೇಶಗಳ ಪುಸ್ತಕಗಳಲ್ಲಿ ಬರೆಯದ ಒಂದು ತೊಂದರೆ ನಮ್ಮದು. ಪುಷ್ಯಮಾಸದ ಬಿಸಿಲಿನಲ್ಲಿ ಕಡ್ಡಿಯಂತೆ ಒಣಗಿಸಿ ಇಟ್ಟ ಹುಲ್ಲು ಕೂಡ ಆಟಿ ತಿಂಗಳ ತೇವದ ಗಾಳಿಯಿಂದಲೇ ನೀರನ್ನು ಹೀರಿ ಮತ್ತೆ ಬೂಷ್ಟು ಹಿಡಿಯುವ ಮಟ್ಟಕ್ಕೆ ಬರುತ್ತದೆ. ಮೇಲಿಂದ ಒಂದು ಹನಿ ಸೋರಬೇಕೆಂದಿಲ್ಲ. ಕೆಡದಂತೆ ಹಾಕುವ ಔಷಧಗಳಲ್ಲಿ ಹೆಚ್ಚಿನವು ಕಟ್ಟಿದ ದಿನದಿಂದ ಕೆಲವು ವಾರಗಳ ಕಾಲ, ಅಂದರೆ ಹುಲ್ಲು ತಾನಾಗಿ ಒಣಗಿ ಮುಗಿಯುವ ತನಕ, ಕಾಯತಕ್ಕಂಥವು. ತಿಂಗಳುಗಳು ಕಳೆದಂತೆ ಅವು ಆವಿಯಾಗಿ ತೀರುತ್ತವೆ. ಜನವರಿಯಲ್ಲಿ ಹಾಕಿದ ಔಷಧವು ಜುಲೈಯಲ್ಲಿ ಕಾಯುವುದೆಂದು ನಂಬಿ ಕುಳಿತವನಿಗೆ ನಿರಾಶೆಯೇ ಗತಿ.

ಇನ್ನು ಕುದುರೆಯ ದೇಹಸ್ಥಿತಿ. ದನ, ಕೋಣ, ಆಡುಗಳು ಮೆಲುಕು ಹಾಕುವ ಪ್ರಾಣಿಗಳು. ತಿಂದ ಮೇವು ಮೊದಲು ದೊಡ್ಡ ಹೊಟ್ಟೆಯಲ್ಲಿ ಹುಳಿಯುತ್ತದೆ, ಅಲ್ಲಿಯ ಸೂಕ್ಷ್ಮಜೀವಿಗಳು ಅನೇಕ ವಿಷಗಳನ್ನು ಸ್ವಲ್ಪಮಟ್ಟಿಗೆ ಮುರಿಯುತ್ತವೆ. ಕುದುರೆಗೆ ಇರುವುದು ಒಂದೇ ಸಣ್ಣ ಜಠರ. ಮೇವು ಹುಳಿಯುವುದು ಕೊನೆಯಲ್ಲಿ, ದೊಡ್ಡ ಕರುಳಿನಲ್ಲಿ. ಆದುದರಿಂದ ಹುಲ್ಲಿನಲ್ಲಿದ್ದ ವಿಷವು ಮುರಿಯುವ ಮೊದಲೇ ರಕ್ತಕ್ಕೆ ಸೇರುತ್ತದೆ. ಅದಲ್ಲದೆ ಕುದುರೆಯು ವಾಂತಿ ಮಾಡಲಾರದು. ಕೆಟ್ಟದ್ದು ಒಳಹೊಕ್ಕರೆ ಹೊಟ್ಟೆಶೂಲೆಯಾಗಿ ನೆಲಕ್ಕೆ ಬಿದ್ದು ಹೊರಳುತ್ತದೆ, ಕೆಲವೊಮ್ಮೆ ಅದರಿಂದಲೇ ಸಾಯುತ್ತದೆ. ಬೂಷ್ಟಿನ ಧೂಳಿಗೆ ಅದರ ಶ್ವಾಸಕೋಶವು ಬಲು ಸೂಕ್ಷ್ಮ. ಎಮ್ಮೆಯು ತಿಂದು ಸುಖವಾಗಿತ್ತೆಂಬುದು ಕುದುರೆಗೆ ಕೊಡಬಹುದೆಂಬುದಕ್ಕೆ ಸಾಕ್ಷಿಯಾಗಲಾರದು. ಕುದುರೆಯು ಒಣನಾಡಿನ ಪ್ರಾಣಿ. ಅರಬ್ಬೀ ಕುದುರೆಗಳು ಪಶ್ಚಿಮ ತೀರದ ರೇವುಗಳಲ್ಲಿ ಹಡಗಿನಿಂದ ಇಳಿದು ವಿಜಯನಗರದ ಸೈನ್ಯಕ್ಕೆ ಹೋಗುತ್ತಿದ್ದ ಕಾಲಕ್ಕಿಂತ ಮುಂಚೆಯೇ, 13ನೆಯ ಶತಮಾನದ ಕೊನೆಯಲ್ಲಿ, ಮಾರ್ಕೋ ಪೋಲೋ ಎಂಬ ವೆನಿಸ್ಸಿನ ಪ್ರವಾಸಿಯು ತಮಿಳು ತೀರದಲ್ಲಿ ಕುದುರೆಗಳಿಗೆ ಬೇಯಿಸಿದ ಅನ್ನವನ್ನೂ ಮಾಂಸವನ್ನೂ ತಿನ್ನಿಸುತ್ತಿದ್ದರೆಂದೂ ಅವು ಬಹಳವಾಗಿ ಸಾಯುತ್ತಿದ್ದುವೆಂದೂ ಬರೆದಿಟ್ಟಿದ್ದಾನೆ. ನಮ್ಮ ರಾಜ್ಯದಲ್ಲಿ ಹೆಸರಾದ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ನಡೆದುಬಂದುದು ಮಳೆ ಕಡಿಮೆಯಾದ ಕುಣಿಗಲಿನಲ್ಲಿ ಎಂಬುದೂ ಗಮನಾರ್ಹ.

ಈಗ ಔಷಧಗಳ ವಿಚಾರ. ಒಣಹುಲ್ಲಿಗೆ ಹಾಕತಕ್ಕವುಗಳಲ್ಲಿ ಕುದುರೆಗೆ ನಿರಪಾಯವೆಂದು ಪ್ರಯೋಗದಿಂದ ಚೆನ್ನಾಗಿ ತಿಳಿದಿರುವುದು ಪ್ರೊಪಿಯಾನಿಕ್ ಆಮ್ಲವೊಂದೇ. ಇದು ಹೊರಗಿನಿಂದ ಬಂದ ವಿಚಿತ್ರ ವಸ್ತುವಲ್ಲ. ಹುಲ್ಲು ಹುಳಿಯುವಾಗ ದನದ ಹೊಟ್ಟೆಯಲ್ಲಿಯೂ ಕುದುರೆಯ ದೊಡ್ಡ ಕರುಳಿನಲ್ಲಿಯೂ ಪ್ರತಿದಿನ ಹುಟ್ಟುವ ಆಮ್ಲವೇ ಇದು. ಬ್ರೆಡ್ಡಿಗೆ ಬೂಷ್ಟು ಬಾರದಂತೆ ಬೇಕರಿಯವರು ಬೆರೆಸುವ ಕ್ಯಾಲ್ಸಿಯಂ ಪ್ರೊಪಿಯೋನೇಟು ಇದರ ಲವಣ. ಶುದ್ಧ ಆಮ್ಲವು ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ, ಯಂತ್ರದ ಕಬ್ಬಿಣವನ್ನು ತಿನ್ನುತ್ತದೆ. ಆದುದರಿಂದ ಅಮೋನಿಯದೊಡನೆ ಕೂಡಿಸಿ ಸೌಮ್ಯಗೊಳಿಸಿದ ರೂಪದಲ್ಲಿಯೇ ಅದನ್ನು ಕೊಳ್ಳತಕ್ಕದ್ದು. ಹುಲ್ಲಿನ ನೀರಿನಂಶ 20ರಿಂದ 25 ಪಾಲು ಇದ್ದಾಗ ಹುಲ್ಲಿನ ತೂಕದ ನೂರಕ್ಕೆ ಅರ್ಧ ಪಾಲು ಆಮ್ಲವೂ, 25ರಿಂದ 30 ಪಾಲು ಇದ್ದಾಗ ಒಂದು ಪಾಲು ಆಮ್ಲವೂ ಬೇಕು. ಅಂದರೆ 1000 ಕಿಲೋಗ್ರಾಂ ಹುಲ್ಲಿಗೆ 5ರಿಂದ 10 ಕಿಲೋಗ್ರಾಂ. 30 ಪಾಲನ್ನು ಮೀರಿದ ಹುಲ್ಲಿಗೆ ಎಷ್ಟು ಸುರಿದರೂ ವ್ಯರ್ಥ. ಸುರುಳಿ ಕಟ್ಟುವ ಯಂತ್ರದ ಬಾಯಿಯಲ್ಲಿಯೇ ಹುಲ್ಲು ಒಳಹೋಗುವಾಗ ಸಮವಾಗಿ ಸಿಂಪಡಿಸಬೇಕು. ಕಟ್ಟಿದ ಸುರುಳಿಯ ಹೊರಮೈಗೆ ಹನಿಸಿದರೆ ಒಳಗಿನ ಹುಲ್ಲು ಮೊದಲಿನಂತೆಯೇ ಕೆಡುವುದು.

ಇಂತಹ ಹುಲ್ಲನ್ನು ಅಮೆರಿಕದಲ್ಲಿ 1980ರ ದಶಕದಲ್ಲಿ ಕುದುರೆಗಳಿಗೆ ತಿನ್ನಿಸಿ ನೋಡಲಾಗಿದೆ. ಎರಡು ಬಗೆಯ ಹುಲ್ಲನ್ನೂ ಎದುರಿಗಿಟ್ಟಾಗ ಕುದುರೆಗಳು ಔಷಧವಿಲ್ಲದ ಹುಲ್ಲನ್ನೇ ಮೊದಲು ಆರಿಸಿಕೊಂಡವು. ಔಷಧ ಹಾಕಿದ್ದನ್ನೊಂದೇ ಇಟ್ಟಾಗ ಅದನ್ನೂ ತಿಂದವು, ಆರೋಗ್ಯಕ್ಕೆ ಕುಂದು ಕಾಣಲಿಲ್ಲ. ಹುಳಿವಾಸನೆಗೆ ಕುದುರೆ ಮೂತಿ ತಿರುಗಿಸಿದರೆ ಸುರುಳಿಯನ್ನು ಹಿಂದಿನ ದಿನವೇ ಬಿಚ್ಚಿ ಗಾಳಿಗೆ ಹರಡಿಡಬೇಕು. ಮೊದಲ ಏಳೆಂಟು ದಿನ ಹಳೆಯ ಹುಲ್ಲಿನೊಡನೆ ಬೆರೆಸಿ ಕೊಡುತ್ತ ಬರಬೇಕು. ಕುದುರೆಯ ಮೇವನ್ನು ಒಂದೇ ದಿನದಲ್ಲಿ ಬದಲಿಸುವುದು, ಹುಲ್ಲು ಎಷ್ಟೇ ಒಳ್ಳೆಯದಾದರೂ, ಶೂಲೆಗೆ ಆಹ್ವಾನವಿತ್ತಂತೆ.

ಇಲ್ಲಿ ಒತ್ತಿ ಹೇಳತಕ್ಕ ಮಾತೊಂದಿದೆ. ಆಮ್ಲವು ಬೂಷ್ಟು ಬೆಳೆಯದಂತೆ ತಡೆಯುತ್ತದೆಯೇ ಹೊರತು, ಬೆಳೆದ ಬೂಷ್ಟು ಬಿಟ್ಟ ವಿಷವನ್ನು ತೆಗೆಯಲಾರದು. ಇದು ಉಪ್ಪಿಗೂ ಯೂರಿಯಾಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ಒಮ್ಮೆ ಕಪ್ಪಾಗಿ ಗಂಟುಕಟ್ಟಿದ ಹುಲ್ಲಿಗೆ ಏನನ್ನು ಹಾಕಿದರೂ ಅದು ಕೆಟ್ಟ ಹುಲ್ಲೇ. ವಾಸನೆ ಮುಚ್ಚಿಹೋಗುವುದರಿಂದ ಮೊದಲಿಗಿಂತ ಹೆಚ್ಚು ಮೋಸದ್ದು.

ಉಪ್ಪು ಎರಚುವುದು ಬಹು ಹಿಂದಿನ ಪದ್ಧತಿ. 100 ಕಿಲೋಗ್ರಾಂ ಹುಲ್ಲಿಗೆ ಒಂದು ಕಿಲೋಗ್ರಾಂ ಉಪ್ಪನ್ನು ಪದರ ಪದರವಾಗಿ ಹಾಕಿದರೆ ತಿನ್ನಲು ರುಚಿಯಾಗುವುದು ನಿಜ, ಸ್ವಲ್ಪ ತೇವದ ಹುಲ್ಲು ಅಷ್ಟಿಷ್ಟು ಉಳಿಯುವುದೂ ಉಂಟು. ಹೆಚ್ಚು ಒದ್ದೆಯಾದುದನ್ನು ಅದು ಕಾಪಾಡದು. ಕುದುರೆಗೆ ಇಷ್ಟು ಉಪ್ಪಿನಿಂದ ತೊಂದರೆಯಿಲ್ಲ, ನೀರು ಮಾತ್ರ ಸದಾ ಎದುರಿಗಿರಬೇಕು. ಹುಲ್ಲಿಗೆ ಬೆರೆಸುವ ಸೂಕ್ಷ್ಮಜೀವಿಗಳ ಪುಡಿಗಳಿಂದ ಒಣಹುಲ್ಲಿಗೆ ಹೇಳಿಕೊಳ್ಳುವ ಲಾಭವಿಲ್ಲ. ಅವು ರಸಮೇವಿಗೆ ಯೋಗ್ಯ. ರಸಮೇವಿನ ಮಾತು ಬಂದುದರಿಂದ ಹೇಳುವುದೇನೆಂದರೆ, ದನಗಳಿಗೆಂದು ಚೀಲಗಳಲ್ಲಿ ಮಾರುವ ಜೋಳದ ರಸಮೇವನ್ನು ಕುದುರೆಗೆ ಹಾಕುವ ಗೋಜಿಗೆ ಹೋಗದಿರುವುದೇ ಲೇಸು. ಗಾಳಿಯಾಡದ ಚೀಲದಲ್ಲಿ ಬೊಟುಲಿಸಂ ಎಂಬ ವಿಷ ಹುಟ್ಟುವ ಸಂಭವವಿದ್ದು, ಆ ವಿಷಕ್ಕೆ ಕುದುರೆಯು ದನಕ್ಕಿಂತ ಬೇಗನೆ ತುತ್ತಾಗುತ್ತದೆ.

ಯೂರಿಯಾದ ವಿಷಯದಲ್ಲಿ ಮಾತ್ರ ಪ್ರಾಣಿಭೇದವನ್ನು ಸ್ಪಷ್ಟವಾಗಿ ತಿಳಿಯಬೇಕು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾದ ಸಾರಜನಕದಿಂದ ಸಸಾರಜನಕವನ್ನು ಕಟ್ಟಿಕೊಳ್ಳುತ್ತವೆ. ಬೈಹುಲ್ಲಿನಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ಇರುವ ಸಸಾರಜನಕವು ಯೂರಿಯಾ ಉಪಚಾರದಿಂದ ಏಳೆಂಟು ಪಾಲಿಗೆ ಏರುತ್ತದೆ. ಕುದುರೆಗೆ ಈ ಲಾಭವು ದೊರೆಯುವುದಿಲ್ಲ. ಯೂರಿಯಾ ಬಹುಭಾಗ ಸಣ್ಣ ಕರುಳಿನಲ್ಲಿಯೇ ಹೀರಲ್ಪಟ್ಟು ಮೂತ್ರದಲ್ಲಿ ಹೊರಹೋಗುತ್ತದೆ. ಅತಿಯಾದರೆ ಅಮೋನಿಯವಾಗಿ ಪ್ರಾಣಕ್ಕೆ ಎರವಾಗುತ್ತದೆ. ಪ್ರಯೋಗಕ್ಕಾಗಿ ತಟ್ಟುಗಳಿಗೆ ಒಮ್ಮೆಗೇ 450 ಗ್ರಾಂ ಯೂರಿಯಾ ಕೊಟ್ಟಾಗ ಹೆಚ್ಚಿನವು ಸತ್ತವು. ಲಾಭವಿಲ್ಲದ ಕಡೆ ಅಪಾಯವನ್ನು ಕೊಳ್ಳುವುದೇಕೆ? ಯೂರಿಯಾ ಹಾಕಿದ ಹುಲ್ಲನ್ನು ಕುದುರೆಗೆ ತಿನ್ನಿಸಬಾರದೆಂಬುದೇ ಈ ಲೇಖಕನ ಅಭಿಪ್ರಾಯ.

ದನ ಕೋಣಗಳಿಗಾದರೆ ಅದು ಉತ್ತಮ ಮಾರ್ಗವೇ. ಕ್ರಮವನ್ನು ತಪ್ಪದೆ ಅನುಸರಿಸಬೇಕು. 100 ಕಿಲೋಗ್ರಾಂ ಒಣ ಬೈಹುಲ್ಲಿಗೆ 4 ಕಿಲೋಗ್ರಾಂ ಯೂರಿಯಾವನ್ನು 50 ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಹುಲ್ಲನ್ನು ಒಂದು ಗೇಣು ದಪ್ಪದ ಪದರಗಳಾಗಿ ಹರಡುತ್ತ ಪ್ರತಿಯೊಂದು ಪದರದ ಮೇಲೂ ಪೂವಾಳಿಯಿಂದ ಸಮನಾಗಿ ಚಿಮುಕಿಸಿ, ತುಳಿದು ಗಾಳಿಯನ್ನು ಹೊರಹಾಕಿ, ಪ್ಲಾಸ್ಟಿಕ್ ಹಾಳೆಯಿಂದ ಸುತ್ತಲೂ ಮುಚ್ಚಿ ಅಂಚಿಗೆ ಮಣ್ಣು ಒತ್ತಿ 21 ದಿನ ಬಿಡಬೇಕು. ತೆಗೆದ ಹುಲ್ಲನ್ನು ಒಂದೆರಡು ಗಂಟೆ ಗಾಳಿಗಿಟ್ಟು ಘಾಟು ಹೋದ ಮೇಲೆ, ಮೊದಲ ವಾರ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಕೂಡದು. ಯೂರಿಯಾ ಕರಗಿಸಿದ ನೀರಿನ ಡ್ರಮ್ಮನ್ನು ದನಗಳು ಕುಡಿಯದಂತೆ ದೂರವಿಡಬೇಕು; ಒಂದೆರಡು ಗುಟುಕಿಗೆ ದನ ಸತ್ತ ಮನೆಗಳುಂಟು. ಎಳೆಯದಾಗಿ ಕೊಯ್ದ ಹಸಿರು ಒಣಹುಲ್ಲಿಗೆ ಈ ಉಪಚಾರ ಮಾಡಲೇಬಾರದು. ಅದರ ಸಕ್ಕರೆಯೂ ಅಮೋನಿಯವೂ ಕೂಡಿ ಉಂಟಾಗುವ ವಿಷದಿಂದ ದನಗಳು ಹುಚ್ಚು ಹಿಡಿದಂತೆ ಓಡಾಡುತ್ತವೆ. ಬೈಹುಲ್ಲಿನಲ್ಲಿ ಸಕ್ಕರೆ ಕಡಿಮೆಯಿರುವುದರಿಂದ ಈ ಭಯವಿಲ್ಲ.

ಕಂಬಳದ ಕೋಣಗಳ ಯಜಮಾನರು ಇನ್ನೊಂದು ವಿಷಯವನ್ನು ತಿಳಿದಿರುವುದು ಒಳ್ಳೆಯದು. ಹಿಂದೆ ಕುದುರೆಗೆ ಮೀಸಲಾಗಿದ್ದ ಹುರುಳಿಯು ಈಗ ಈ ಜಿಲ್ಲೆಯಲ್ಲಿ ಕೋಣಗಳ ಪಾಲಾಗಿದೆ; ಹುರುಳಿಗೆ ಖರ್ಚುಮಾಡುವವರು ಹುಲ್ಲನ್ನು ಮಾತ್ರ ಬಂದ ಹಾಗೆ ಹಾಕುವುದುಂಟು. ಪಂಜಾಬಿನ ಡೇಗ್ ಎಂಬ ಹಳ್ಳದ ಬತ್ತದ ಸೀಮೆಯಲ್ಲಿ, ಅಂದರೆ ಇಂದಿನ ಪಾಕಿಸ್ತಾನದಲ್ಲಿ, 1930ರ ದಶಕದಲ್ಲಿ ಗುರುತಿಸಲ್ಪಟ್ಟುದರಿಂದ ಡೆಗ್ನಾಲ ಎಂಬ ಹೆಸರು ಪಡೆದ ಒಂದು ರೋಗವಿದೆ. ಬೂಷ್ಟು ಹಿಡಿದ ಬೈಹುಲ್ಲನ್ನು ಚಳಿಗಾಲದಲ್ಲಿ ತಿಂದ ಎಮ್ಮೆ ಕೋಣಗಳ ಕಾಲಿನ ಕೆಳಭಾಗ ಊದಿ, ಬಾಲದ ತುದಿಯೂ ಕಿವಿಯ ತುದಿಯೂ ಕಪ್ಪಾಗಿ ಒಣಗಿ ಉದುರುತ್ತವೆ. ಹೆಚ್ಚಾದರೆ ಗೊರಸೇ ಕಳಚುತ್ತದೆ. ಕೋಣದ ಬಾಲದ ತುದಿ ತಣ್ಣಗಾಗಿ ಬಣ್ಣಗೆಟ್ಟುದನ್ನು ಕಂಡೊಡನೆ ಹುಲ್ಲನ್ನು ನಿಲ್ಲಿಸಿ ಪಶುವೈದ್ಯರನ್ನು ಕರೆಯತಕ್ಕದ್ದು.

ಔಷಧವೆಂಬ ಹೆಸರಿಲ್ಲದೆ ಹುಲ್ಲಿಗೆ ಸೇರುವ ಔಷಧಗಳೂ ಇವೆ. ಗೆದ್ದಲು ಬಾರದಿರಲೆಂದು ಕುತ್ತರಿಯ ಬುಡಕ್ಕೂ ಮೈಗೂ ಕೀಟನಾಶಕದ ಪುಡಿ ಎರಚುವವರಿದ್ದಾರೆ. ಇದು ಯಾವ ಪ್ರಾಣಿಗೂ ಸಲ್ಲದು. ಕಲ್ಲಿನ ಕಟ್ಟೆಯ ಮೇಲೆ ಬಿದಿರಿನ ಅಟ್ಟಣೆ ಮಾಡಿ ಹುಲ್ಲನ್ನು ನೆಲದಿಂದ ಎತ್ತರಿಸಿದರೆ ಗೆದ್ದಲಿನ ಚಿಂತೆಯೂ ನೆಲದ ತೇವದ ಚಿಂತೆಯೂ ಒಟ್ಟಿಗೆ ತಪ್ಪುತ್ತದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತು ತೋಟದ ಹುಲ್ಲಿನ ಮೇಲೆ ನೀಲಿ ಹನಿಗಳಾಗಿ ನಿಲ್ಲುತ್ತದೆ. ಅದನ್ನು ಕುದುರೆ ಸ್ವಲ್ಪಮಟ್ಟಿಗೆ ತಾಳಿಕೊಂಡರೂ ಕುರಿಗಳಿಗೆ ಅದು ಕಡು ವಿಷ. ನಾಲ್ಕಾರು ಒಳ್ಳೆಯ ಮಳೆ ತೊಳೆಯುವ ಮೊದಲು ಆ ಹುಲ್ಲನ್ನು ಕೊಯ್ಯಬಾರದು. ಕೋಳಿಗಳಿಗೂ ಕೆಲವೆಡೆ ದನಗಳಿಗೂ ಆಹಾರದಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧವಂತೂ ದೇಹತೂಕದ ಕಿಲೋಗ್ರಾಮಿಗೆ ಎರಡು ಮೂರು ಮಿಲಿಗ್ರಾಂ ಹೋದರೆ ಕುದುರೆಯ ಹೃದಯವನ್ನೇ ಕೆಡಿಸಿ ಕೊಲ್ಲುತ್ತದೆ. ಇತರ ಪ್ರಾಣಿಗಳ ಸಿದ್ಧ ಆಹಾರವನ್ನು ಕುದುರೆಯ ತೊಟ್ಟಿಗೆ ಹಾಕುವ ಮೊದಲು ಚೀಲದ ಮೇಲಿನ ಬರಹವನ್ನು ಓದಿಸಿ ನೋಡಬೇಕು.

ಹಾಗಾದರೆ ನಮ್ಮ ಸೀಮೆಯಲ್ಲಿ ಕುದುರೆಗೆ ಏನು ಹಾಕಬೇಕು? 300 ಕಿಲೋಗ್ರಾಂ ತೂಕದ ತಟ್ಟಿಗೆ ದಿನಕ್ಕೆ ಸುಮಾರು 6 ಕಿಲೋಗ್ರಾಂ ಒಣಮೇವು ಬೇಕು. ಇದರಲ್ಲಿ ಬೈಹುಲ್ಲೇ ಪೂರ್ತಿಯಾಗಬಾರದು. ಅದು ಒರಟು, ಸುಣ್ಣದ ಅಂಶ ಕಡಿಮೆ, ಕರುಳಿನಲ್ಲಿ ಗಟ್ಟಿಕಟ್ಟುವ ಸ್ವಭಾವದ್ದು. ಬೈಹುಲ್ಲಿನೊಡನೆ ತೌಡನ್ನೇ ದಿನವೂ ಕೊಡುತ್ತ ಹೋದರೆ ರಂಜಕವು ಹೆಚ್ಚಿ, ಎಲುಬಿನ ಸುಣ್ಣ ಕರಗಿ, ಮುಖದ ಎಲುಬು ಊದಿಕೊಳ್ಳುವ ರೋಗ ಬರುತ್ತದೆ. ಘಟ್ಟದ ಮೇಲೆ ಒಣಹವೆಯಲ್ಲಿ ಒಣಗಿಸಿದ ರೋಡ್ಸ್ ಹುಲ್ಲನ್ನೋ ಕುದುರೆ ಮೆಂತೆಯನ್ನೋ ಡಿಸೆಂಬರಿನಿಂದ ಮಾರ್ಚಿಯೊಳಗೆ ತರಿಸಿ, ಹೊಗೆಯಾಡುವ ಅಟ್ಟದಲ್ಲಾಗಲಿ ಸಿಮೆಂಟು ನೆಲದ ಮುಚ್ಚಿದ ಕೋಣೆಯಲ್ಲಿ ಹಲಗೆಗಳ ಮೇಲಾಗಲಿ ಇಡುವುದು ಎಲ್ಲಕ್ಕಿಂತ ಉತ್ತಮ. ಒಂದೇ ಒಂದು ಕುದುರೆಗಾಗಿ ಆಮ್ಲವನ್ನೂ ಸಿಂಪಡಿಸುವ ಉಪಕರಣವನ್ನೂ ಕೊಳ್ಳುವ ಖರ್ಚಿಗಿಂತ ಇದು ಸುಲಭ. ಆಟಿಯಲ್ಲಿ ವಾರಕ್ಕೊಮ್ಮೆ ನಡುವಿನ ಸುರುಳಿಯೊಂದನ್ನು ಬಿಚ್ಚಿ ನೋಡಬೇಕು. ಧೂಳು ಸ್ವಲ್ಪವೇ ಇದ್ದು ಬೂಷ್ಟು ಇಲ್ಲದ ಹುಲ್ಲನ್ನು ಕಾಲು ಗಂಟೆ ನೀರಿನಲ್ಲಿ ನೆನೆಸಿ ಹಾಕಬಹುದು. ನೆನೆಸಿದ್ದನ್ನು ನಮ್ಮ ಸೆಕೆಯಲ್ಲಿ ಹೊತ್ತು ಮೀರಿ ಇಡಬಾರದು, ನೆನೆಸುವುದರಿಂದ ವಿಷ ಹೋಗುವುದೆಂದೂ ತಿಳಿಯಬಾರದು.

ಊರಿನ ಮುಖ್ಯಸ್ಥರಿಂದ ಈ ವಿಷಯದಲ್ಲಿ ಆಗತಕ್ಕ ಸಹಾಯ ದೊಡ್ಡದು. ಲಾರಿ ಹುಲ್ಲನ್ನು ಹತ್ತು ಮನೆಗಳು ಕೂಡಿ ತರಿಸುವುದೇ ಈಗಿನ ರೂಢಿ. ಇಳಿಸುವ ಮೊದಲು ಮೇಲಿನ ಸಾಲಿನಿಂದಲ್ಲ, ಒಳಗಿನ ಸಾಲಿನಿಂದ ಮೂರು ನಾಲ್ಕು ಸುರುಳಿಗಳನ್ನು ಎಳೆಸಿ, ಹಗ್ಗ ಕತ್ತರಿಸಿ, ನಡುವಿಗೆ ಕೈಹಾಕಿ ನೋಡಬೇಕು. ಬಿಸಿಯಾಗಿದೆಯೇ, ಬಿಚ್ಚಿ ಕೊಡವಿದಾಗ ಬಿಳಿ ಹೊಗೆಯಂತೆ ಪುಡಿ ಏಳುತ್ತದೆಯೇ, ಏನನ್ನಾದರೂ ಬೆರೆಸಿದ್ದಾರೆಯೇ ಎಂದು ಮಾರುವವರನ್ನು ಎಲ್ಲರೆದುರಿಗೆ ಕೇಳಬೇಕು. ಯೂರಿಯಾ ಹಾಕಿದ್ದೆಂದು ಹೇಳಿದರೆ ದನವುಳ್ಳವರು ಬೇಕಾದರೆ ಕೊಳ್ಳಲಿ, ಕುದುರೆಯಿರುವ ಮನೆಗೆ ಆ ಹೊರೆಯಿಂದ ಒಂದು ಸುರುಳಿಯೂ ಹೋಗದಂತೆ ನೋಡಿಕೊಳ್ಳಲಿ. ಬೂಷ್ಟು ಹಿಡಿದ ಹುಲ್ಲು ಈಗಾಗಲೇ ಮನೆಯಲ್ಲಿದ್ದರೆ ಹಟ್ಟಿಯ ಹಾಸಿಗೆಗೂ ಹಾಕದೆ, ಏಕೆಂದರೆ ಪ್ರಾಣಿಗಳು ಹಾಸಿಗೆಯ ಹುಲ್ಲನ್ನೂ ಮೇಯುತ್ತವೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ತೋಟಕ್ಕೆ ಹೊತ್ತು ಅಡಿಕೆಮರದ ಬುಡಕ್ಕೆ ಮುಚ್ಚಿಗೆಯಾಗಿ ಹರಡಿಬಿಡುವುದು.